ಬರ್ಮಾ ಎಂದು ಕೊಟ್ಟ ಚೌಕಟ್ಟು

ಮಂಠಾಳದಿಂದ ಫೋನು ಬಂದಾಗ ನಾನು ಹುಮನಾಬಾದಿನ ನನ್ನ ಬಡಗಿ ಅಂಗಡಿಯಲ್ಲಿ ಕಿಟಕಿಯೊಂದಕ್ಕೆ ರಂದಾ ಹೊಡೆದು ನುಣುಪು ಮಾಡುತ್ತಿದ್ದೆ. "ಮಿಸ್ತ್ರಿ, ಒಂದ್ಸಲ ಬಂದು ಬಾಗಿಲ ಚೌಕಟ್ಟ ನೋಡಿ ಹೋಗ್ರಿ" ಎಂದರು ನಾನು ಚೌಕಟ್ಟು ಮಾಡಿಕೊಟ್ಟಿದ್ದ ಮನೆಯ ಅವ್ವ. ಯಾಕೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಆ ಚೌಕಟ್ಟು ನಿಲ್ಲಿಸಿ ಆಗ ಒಂದು ಮಳೆಗಾಲ ಕಳೆದಿತ್ತು.

ಹೆದರಲು ಕಾರಣವಿತ್ತು. ನನ್ನ ಅಪ್ಪನ ಕಾಲದಲ್ಲಿ ಕಟ್ಟಿಗೆ ಅಡ್ಡೆಗೆ ಬರ್ಮಾ ದೇಶದ ಸಾಗವಾನಿ ಬರುತ್ತಿತ್ತು. ಕಾಡಿನಲ್ಲಿ ತಾನಾಗಿ ಬೆಳೆದು ಬಲಿತ ಮರ. ಇಬ್ಬರು ತಬ್ಬಿದರೂ ಕೈ ಕೂಡದಂಥ ದಿಮ್ಮಿ. ರಂದಾ ಹೊಡೆದರೆ ಅಂಗೈಗೆ ಎಣ್ಣೆಯ ಜಿಡ್ಡು. ಆಮೇಲೆ ಆ ದೇಶ ದಿಮ್ಮಿ ಹೊರಗೆ ಕಳಿಸುವುದನ್ನು ನಿಲ್ಲಿಸಿತು. ಈಗ ನಮಗೆ ಸಿಗುವುದು ಆಫ್ರಿಕಾದ ಘಾನಾದ್ದು. ಅದೂ ಸಾಗವಾನಿಯೇ, ಆದರೆ ತೋಟದಲ್ಲಿ ನೆಟ್ಟು, ಎಳೆಯದಿದ್ದಾಗಲೇ ಕಡಿದದ್ದು. ತೊಡೆಯ ದಪ್ಪದ ದಿಮ್ಮಿ; ಕೊಯ್ದರೆ ಅಂಚಿನಲ್ಲಿ ಇನ್ನೂ ಬಲಿಯದ ಬಿಳಿ ಭಾಗ ಉಳಿಯುತ್ತದೆ. ಗೆದ್ದಲಿಗೆ ಆ ಬಿಳಿಯೆಂದರೆ ಹಬ್ಬದೂಟ. ಬಿಳಿ ತೆಗೆದು ಚೆನ್ನಾಗಿ ಒಣಗಿಸಿದರೆ ಘಾನಾ ಕಟ್ಟಿಗೆಯನ್ನು ಬೈಯುವಂತಿಲ್ಲ. ಬೈಯಬೇಕಾದದ್ದು ನನ್ನಂಥವರನ್ನು.

ಅಪ್ಪ ಕಲಿಸಿದ್ದು ಒಂದೇ: ಕಟ್ಟಿಗೆಯ ಚೆಲುವಾದ ಮುಖ ಜನರ ಕಡೆ, ಉಳಿದದ್ದು ಗೋಡೆ ಕಡೆ. ಬರ್ಮಾ ಕಟ್ಟಿಗೆಗೆ ಅದು ಸರಿ. ಅದರಲ್ಲಿ ಮುಚ್ಚಿಡುವಂಥದ್ದು ಎಂದರೆ ಒಂದು ಗಂಟು, ಅಷ್ಟೇ. ಅವ್ವನ ಚೌಕಟ್ಟಿಗೆ ತಂದ ಘಾನಾದ್ದಕ್ಕೂ ನಾನು ಹಾಗೆಯೇ ಮಾಡಿದೆ. ಬಿಳಿ ಅಂಚನ್ನು ಹಸಿ ಗೋಡೆಗೆ ತಾಗಿಸಿ ನಿಲ್ಲಿಸಿದೆ. ಪೂಜೆಯ ದಿನ ಹೊಸ್ತಿಲಿಗೆ ಅರಿಸಿನ ಬಳಿದು, ನನಗೆ ಟವೆಲ್ಲು, ಟೋಪಿಯ ಆಹೇರಿ ಉಡುಗೊರೆ ಕೊಟ್ಟು, ಅವ್ವ ಕೇಳಿದರು: "ಬರ್ಮಾದೇ ಹೌದಲ್ರಿ ಮಿಸ್ತ್ರಿ?" ಹತ್ತು ಜನರೆದುರು ಅಲ್ಲವೆನ್ನಲು ನಾಚಿಕೆಯಾಯಿತು. "ಹೌದ್ರಿ ಅವ್ವಾ" ಎಂದುಬಿಟ್ಟೆ.

ಬಸವಕಲ್ಯಾಣದಲ್ಲಿ ಬಸ್ಸು ಬದಲಿಸಿ ಮಂಠಾಳಕ್ಕೆ ಹೊರಟೆ. ಪೂಜೆಯಾದ ಚೌಕಟ್ಟನ್ನು ಕೀಳುವುದೆಂದರೆ ನಮ್ಮ ಕಡೆ ಮನೆಗೆ ಕೇಡು. ಕೀಳುವ ಹಾಗೆ ಮಾಡಿದ ಮಿಸ್ತ್ರಿಯನ್ನು ಯಾವ ಊರೂ ಮತ್ತೆ ಕರೆಯುವುದಿಲ್ಲ. ಗೆದ್ದಲು ಕಂಡಿರಬೇಕು, ಅದಕ್ಕೇ ಕರೆದಿದ್ದಾರೆ ಎಂದೇ ದಾರಿಯುದ್ದಕ್ಕೂ ಅಂದುಕೊಂಡೆ.

ಅವ್ವ ನಗುತ್ತಾ ಚಹಾ ಕೊಟ್ಟರು. "ಚಿಟಗುಪ್ಪಾದಾಗ ನನ್ನ ಮಗಳು ಮನಿ ಕಟ್ಟಾಕತ್ತಾಳ. ಆಕಿಗೂ ಇಂಥದೇ ಬರ್ಮಾ ಚೌಕಟ್ಟ ಬೇಕಂತ. ಇದರ ಅಳತಿ ತಗೋರಿ." ಹೋದ ಜೀವ ಬಂದಂತಾಯಿತು, ಒಂದು ಗಳಿಗೆ ಮಾತ್ರ.

ಟೇಪು ಹಿಡಿದು ಬಗ್ಗಿದೆ. ಗೋಡೆಯ ಸಂದಿನಲ್ಲಿ ಹಸಿ ಮಣ್ಣಿನ ಸಣ್ಣ ಗೆರೆಯೊಂದು ಮೇಲಕ್ಕೆ ಹತ್ತಿತ್ತು. ಬೆರಳಿಟ್ಟು ಒತ್ತಿದರೆ ಕಟ್ಟಿಗೆ ಒಳಕ್ಕೆ ಹೋಯಿತು. ಅವ್ವ ಅದನ್ನು ನೋಡಿರಲೇ ಇಲ್ಲ. ಮಣ್ಣು ಒರೆಸಿ ಎದ್ದುಬಿಡಬಹುದಿತ್ತು. ಒರೆಸಲು ಕೈ ಚಾಚಿದ್ದೂ ನಿಜ. ಆದರೆ ಮಗಳ ಮನೆಗೂ ಇದೇ ಸುಳ್ಳನ್ನು ಒಯ್ಯಬೇಕಲ್ಲ ಎಂದು ಇನ್ನಷ್ಟು ಹೆದರಿದೆ.

"ಇದು ಬರ್ಮಾ ಅಲ್ರಿ ಅವ್ವಾ. ಘಾನಾದ್ದು. ಗೆದ್ದಲ ಹತ್ತೇದ. ನಾ ಸುಳ್ಳ ಹೇಳಿದ್ದೆ. ಕಿತ್ತು ಬ್ಯಾರೇದು ನಾನೇ ಹಾಕಿಕೊಡ್ತೀನ್ರಿ."

ಬೈಯಲಿ ಎಂದು ಕಾದೆ. ಹೊಸ್ತಿಲ ಮೇಲೆ ಬೆಳಗಿನ ಪೂಜೆಯ ಹೂವಿತ್ತು. ಅವ್ವ ಬಗ್ಗಿ ಅದನ್ನು ಎತ್ತಿಕೊಂಡರು. ಹೊಸ್ತಿಲನ್ನು ನಮ್ಮಲ್ಲಿ ಚಿಕ್ಕ ಮಕ್ಕಳೂ ದಾಟುತ್ತಾರೆ, ತುಳಿಯುವುದಿಲ್ಲ. ಅವ್ವ ಅದರ ಮೇಲೆ ಕಾಲಿಟ್ಟು ಒಳಗೆ ಹೋದರು.