ಹಲ್ಲಿನ ತ್ರಾಸು

ಮೊಮ್ಮಗಳ ಕೆನ್ನೆ ಬಾತು ಕಣ್ಣಿನವರೆಗೆ ಏರಿತ್ತು. ಕೀವು ತುಂಬಿದೆ, ಹುಳುಕು ಹಲ್ಲನ್ನು ಇವತ್ತೇ ತೆಗೆಯಬೇಕು, ತಡಮಾಡಿದರೆ ನಂಜು ಏರುತ್ತದೆ ಎಂದು ಮುಂಬೈ ಹತ್ತಿರದ ನಮ್ಮ ಕಲ್ಯಾಣದ ಹಲ್ಲಿನ ಡಾಕ್ಟರ್ ಖಡಾಖಂಡಿತ ಹೇಳಿದ್ದರು. ಏಳು ವರ್ಷದ ಹುಡುಗಿ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕಂಬಿ ಹಿಡಿದು ಕೂತವಳು ಏಳಲೊಲ್ಲಳು. ಐಸ್‌ಕ್ರೀಮ್ ಎಂದೆ, ಗೊಂಬೆ ಎಂದೆ, ಕಡೆಗೆ ಗದರಿಸಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ಅಜ್ಜಿ ಭೀ ತೋ ದಾಂತ್ ನಿಕಲ್‌ವಾನೇ ಗಯೀ ಥೀ," ಎಂದಳು. ಇಲ್ಲೇ ಹುಟ್ಟಿದವಳು, ನಾವು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುತ್ತಾಳೆ. ಅಜ್ಜಿಯೂ ಹಲ್ಲು ತೆಗೆಸಲೆಂದೇ ಹೋಗಿದ್ದಳು, ತಿರುಗಿ ಬರಲಿಲ್ಲ ಎಂಬುದು ಅವಳ ಲೆಕ್ಕ.

ನನ್ನ ಸಿಟ್ಟು ಅಲ್ಲೇ ಇಳಿಯಿತು. ಹೋದ ವರ್ಷ ನನ್ನ ಹೆಂಡತಿ ದವಡೆಯ ಕ್ಯಾನ್ಸರಿನಿಂದ ಸತ್ತಳು. ವಿಜಯಪುರದ ಕಡೆಯ ನಮ್ಮಂಥವರ ಮನೆಗಳಲ್ಲಿ ಆ ರೋಗದ ಹೆಸರು ಎತ್ತುವುದಿಲ್ಲ; ಎತ್ತಿದರೆ ಕರೆದಂತೆ. ನೆರೆಯವರಿಗೆ, ಬೀಗರಿಗೆ, ಕೂಸಿಗೆ, ಎಲ್ಲರಿಗೂ ಒಂದೇ ಮಾತು: ಹಲ್ಲಿನ ತ್ರಾಸು, ತೆಗೆಸಿಕೊಂಡು ಬರುತ್ತಾಳೆ. ದೊಡ್ಡವರು ನಂಬಿದಂತೆ ನಟಿಸಿದರು. ಕೂಸು ನಂಬಿತು.

ಅವಳ ಪಕ್ಕ ಮೆಟ್ಟಿಲ ಮೇಲೆ ಕುಳಿತೆ.

"ನಿಮ್ಮಜ್ಜಿ ಹಲ್ಲು ತೆಗೆಸಾಕ ಹೋಗಿದ್ದಿಲ್ಲವ್ವ. ನಾವು ಸುಳ್ಳ ಹೇಳಿದ್ವಿ. ಆಕಿಗೆ ಕ್ಯಾನ್ಸರ್ ಆಗಿತ್ತು. ದಿನಾ ಮುಂಜಾನೆ ಹಲ್ಲಿಗೆ ಮಿಸ್ರಿ ತಿಕ್ಕತಿದ್ಲಲ್ಲ, ಅದು ಹುರದ ತಂಬಾಕು. ಅದರಿಂದ ಆತು. ನಿನಗ ಬರೇ ಹುಳಕ ಹಲ್ಲು. ತೆಗದ್ರ ಮುಗೀತು, ಮನಿಗೆ ಹೋಗತೀವಿ."

ಅವಳು ನನ್ನ ಮುಖವನ್ನೇ ನೋಡಿದಳು. "ಪಕ್ಕಾ?"

"ಪಕ್ಕಾ. ನಾ ಬಾಜೂಕ ನಿಂತಿರ್ತೀನಿ."

ಎದ್ದು ಒಳಗೆ ಬಂದಳು. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದಳು. ಸೂಜಿ ಚುಚ್ಚುವಾಗ ನನ್ನ ಹೆಬ್ಬೆರಳನ್ನು ಹಿಂಡಿದಳು, ಅಳಲಿಲ್ಲ. ಡಾಕ್ಟರ್ ಬೆನ್ನು ತಟ್ಟಿದರು. ಇಷ್ಟು ದಿನ ಮುಚ್ಚಿಟ್ಟದ್ದನ್ನು ಹೇಳಿ ಒಳ್ಳೆಯದೇ ಮಾಡಿದೆ ಎಂದುಕೊಂಡೆ, ಎದೆ ಹಗುರಾಯಿತು.

ರಿಕ್ಷಾದಲ್ಲಿ ಹಲ್ಲು ಕಿತ್ತ ಜಾಗಕ್ಕೆ ಹತ್ತಿಯುಂಡೆ ಕಚ್ಚಿಕೊಂಡು ಕೂತಿದ್ದಳು. ಸ್ಟೇಷನ್ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ ಹತ್ತಿಯನ್ನು ಕೈಗೆ ತೆಗೆದುಕೊಂಡು, ಎಂದೂ ಇಲ್ಲದ್ದು ಕನ್ನಡದಲ್ಲೇ ಕೇಳಿದಳು.

"ಅಜ್ಜಾ, ಮಿಸ್ರಿ ಡಬ್ಬಿ ಅಜ್ಜಿಗೆ ದಿನಾ ನಾನೇ ತಂದ್ ಕೊಡ್ತಿದ್ದೆ ಅಲ್ಲಾ?"

ಹೌದು, ಅವಳೇ ಕೊಡುತ್ತಿದ್ದಳು. ತುಸು ತಡವಾದರೆ ಅಜ್ಜಿ ಬಚ್ಚಲಿನಿಂದ ಅವಳ ಹೆಸರು ಹಿಡಿದು ಕೂಗುತ್ತಿದ್ದಳು. ಇಲ್ಲವ್ವ ಎನ್ನಲು ಬಾಯಿ ತೆರೆದೆ. ಅದರ ಬದಲು ಅವಳ ಕೈಯಲ್ಲಿದ್ದ ಹತ್ತಿಯನ್ನು ತೆಗೆದು ಮತ್ತೆ ಅವಳ ಬಾಯಿಗಿಟ್ಟೆ.