ದ್ರಾಕ್ಷಿಯ ಬುಡಕ್ಕೆ ಹಾಕಿದ ಸೊಪ್ಪು

ಅತ್ತಿಗೆ ಬಿಜಾಪುರದ ಕಡೆಯವಳು. ತೊಂಬತ್ತರ ದಶಕದ ಕೊನೆಯಲ್ಲಿ ಅಣ್ಣನನ್ನು ಮದುವೆಯಾಗಿ ಮಲೆನಾಡಿನ ಸಿದ್ದಾಪುರದ ನಮ್ಮ ಮನೆಗೆ ಬಂದಳು. ಎರಡನೆಯ ಬೇಸಿಗೆಯಲ್ಲಿ ತವರಿಗೆ ಹೋದವಳು ಮರಳುವಾಗ ಬೇರು ಬಂದ ಒಂದು ದ್ರಾಕ್ಷಿ ಕಡ್ಡಿಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿಟ್ಟು, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಇಡೀ ದಾರಿ ಮಡಿಲಲ್ಲಿ ಹಿಡಿದುಕೊಂಡು ತಂದಳು. ಅಲ್ಲಿ ಬಾವಿಯ ನೀರು ಉಪ್ಪಾಗಿತ್ತು. ಅವಳ ತಂದೆ ದ್ರಾಕ್ಷಿ ತೋಟ ಕೀಳಿಸುವವರಿದ್ದರು. ಆ ತಿಂಗಳೇ ಕೀಳಿಸಿದರು. ಆ ತೋಟದ್ದು ಎಂದು ಉಳಿದದ್ದು ಇದೊಂದೇ.

ಹಿತ್ತಲಿನಲ್ಲಿ, ಅಡಿಕೆ ಒಣಗಿಸುವ ಅಟ್ಟದ ಪಕ್ಕ, ಬಿಸಿಲು ಬೀಳುವ ಜಾಗ ನೋಡಿ ಅವಳೇ ನೆಟ್ಟಳು.

ಅಪ್ಪನದು ಕಾಳುಮೆಣಸಿನ ಬಳ್ಳಿಯಲ್ಲಿ ಪಳಗಿದ ಕೈ. ಬಳ್ಳಿ ಸೊರಗಿದರೆ ದೂರದ ದೊಡ್ಮನೆ ಊರಿನ ಕಡೆಯಿಂದಲೂ ಜನ ಬಂದು ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಸೊಸೆಯ ಬಳ್ಳಿ ಬರಿ ನೆಲದಲ್ಲಿ, ಸುಡು ಬಿಸಿಲಿನಲ್ಲಿ ನಿಂತದ್ದು ಅವನಿಗೆ ನೋಡಲಾಗಲಿಲ್ಲ. ವಾರದೊಳಗೆ ಪಕ್ಕದಲ್ಲಿ, ಮೆಣಸು ಹಬ್ಬಿಸಲು ನೆಡುವ ಹಾಲವಾಣ ಮರದ ಹಸಿ ಗೂಟ ಊರಿ, ಬಾಳೆಪಟ್ಟೆಯಿಂದ ಬಳ್ಳಿಯನ್ನು ಅದಕ್ಕೆ ಕಟ್ಟಿದ. ಮೇಲೆ ಅಡಿಕೆ ಸೋಗೆಯ ನೆರಳು ಮಾಡಿದ. ಬುಡಕ್ಕೆ ಸೊಪ್ಪು, ಅದರ ಮೇಲೆ ಗೊಬ್ಬರ, ಅದರ ಮೇಲೆ ಮಣ್ಣು. ಮೆಣಸಿಗೆ ಅವನು ಮಾಡುತ್ತಿದ್ದದ್ದು ಹೀಗೆಯೇ. ಸೊಪ್ಪಿನ ಬುಟ್ಟಿ ಹೊತ್ತವನು ನಾನು. ಮಳೆ ಹಿಡಿಯುವ ಮೊದಲು ಮೂರು ಬುಟ್ಟಿ.

ಆಷಾಢದಲ್ಲಿ ಎಲೆಗಳ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ ಕಂಡಿತು. ಅಡಿಯಲ್ಲಿ ಬಿಳಿ ಬೂಸ್ಟು. ಹಾಲವಾಣದ ಗೂಟ ಮಾತ್ರ ಚಿಗುರಿ ದಟ್ಟವಾಗುತ್ತಿತ್ತು. ಆ ದಿನಗಳಲ್ಲಿ ಒಮ್ಮೆ ಅತ್ತಿಗೆ ಬಟ್ಟೆ ಹಿಂಡುತ್ತಾ ನನ್ನೊಬ್ಬನಿಗೇ ಹೇಳಿದಳು: ಇದಕ್ಕೆ ನೆರಳು ಆಗುವುದಿಲ್ಲ, ಬುಡ ಒಣಗಿರಬೇಕು, ಮಾವನವರಿಗೆ ನಾನು ಹೇಗೆ ಹೇಳಲಿ. ನಾನು ಹೇಳುತ್ತೇನೆ ಎಂದೆ. ಹೇಳಲಿಲ್ಲ. ಬಳ್ಳಿಯ ವಿಷಯದಲ್ಲಿ ಅಪ್ಪನಿಗೆ ಹೇಳುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಅದು ಕಾರಣವಲ್ಲ, ಆದರೆ ಹೇಳಿಕೊಳ್ಳಲು ನನ್ನ ಹತ್ತಿರ ಇರುವುದು ಅದೊಂದೇ. ಎಲೆ ಉದುರತೊಡಗಿದಾಗ ಬಳ್ಳಿಗೆ ಶಕ್ತಿ ಸಾಲದೆಂದು ಅಪ್ಪ ಮತ್ತೊಂದು ಬುಟ್ಟಿ ತರಿಸಿದ. ಅದನ್ನೂ ಹೊತ್ತು ಹಾಕಿದೆ.

ದೀಪಾವಳಿ ಕಳೆದ ವಾರ, ಬೆಳಗಿನ ಕಾಫಿಯಾದ ಮೇಲೆ, ಅತ್ತಿಗೆ ಹೋಗಿ ಬಳ್ಳಿಯ ಮುಂದೆ ಕುಳಿತಳು. ಬರಿ ಕೈಯಲ್ಲಿ ಸೊಪ್ಪು ತೆಗೆಯತೊಡಗಿದಳು. ಮೇಲಿನದು ಸುಲಭವಾಗಿ ಬಂತು. ಕೆಳಗಿನದು ಕೊಳೆತು ಮುದ್ದೆಯಾಗಿತ್ತು. ಬುಡ ಕಂಡಿತು. ಅದರ ಒಂದು ಬದಿಯ ಸಿಪ್ಪೆ ಬೆರಳಿಟ್ಟರೆ ಇಳಿಯುವಷ್ಟು ಮೆತ್ತಗಾಗಿತ್ತು. ಅವಳು ಉಗುರಿನಿಂದ ಕಡ್ಡಿಯನ್ನು ಮೇಲಿನಿಂದ ಕೆರೆಯುತ್ತಾ ಬಂದಳು. ಕಂದು, ಮತ್ತೆ ಕಂದು. ನೆಲದಿಂದ ಗೇಣೆತ್ತರದಲ್ಲಿ ಹಸಿರು ಸಿಕ್ಕಿತು.

ನಾನು ಅಟ್ಟದ ಹತ್ತಿರ ನಿಂತು ನೋಡುತ್ತಿದ್ದೆ. ಅಪ್ಪ ಬಂದದ್ದು ಆಗ.

"ಎಂತ ಮಾಡ್ತಾ ಇದ್ದೆ ತಂಗಿ?" ಸೊಸೆಯನ್ನು ಅವನು ಕರೆಯುತ್ತಿದ್ದದ್ದು ಹಾಗೆ.

"ಇದಕ್ಕ ಉಸಿರು ಕಟ್ಟೇತ್ರಿ ಮಾವಾರ," ಎಂದಳು ಅತ್ತಿಗೆ, ತಲೆ ಎತ್ತದೆ. "ನಿಮ್ಮ ಮೆಣಸಿನ ಬಳ್ಳಿ ಅಲ್ರಿ ಇದು. ಬಿಸಲಾಗ ಬೆಳಿಯೂದು."

"ಮೊದ್ಲೇ ಹೇಳಕಾಗಿತ್ತಲೇ."

ಅತ್ತಿಗೆ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಸುಲಭವಾಗುತ್ತಿತ್ತು.

"ಅತ್ತಿಗೆ ಎನ್ನತ್ರ ಹೇಳಿತ್ತು. ಆನೇ ಹೇಳಿದ್ನಿಲ್ಲೆ," ಎಂದೆ.

ಅಪ್ಪ ನನ್ನನ್ನು ನೋಡಿದ. "ಬುಟ್ಟಿ ಹೊರ್ಲೆ ಬತ್ತು. ಒಂದು ಮಾತು ಹೊರ್ಲೆ ಬತ್ತಿಲ್ಯ ನಿಂಗೆ?"

ಅಷ್ಟೇ ಅಂದದ್ದು. ಆಮೇಲೆ ಹಾಲವಾಣದ ಗೂಟವನ್ನು ತಾನೇ ಅಲುಗಿಸಿ ಕಿತ್ತ. ಒಳಗೆ ಹೋಗಿ ಮೆಣಸಿನ ಕುಡಿ ಕತ್ತರಿಸುವ ಚಾಕು ತಂದ. ಅದನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಹಿಡಿಯನ್ನು ಸೊಸೆಯ ಕಡೆ ಮಾಡಿ ಕೊಟ್ಟು, ಚಿಗುರೊಡೆಯುವ ಕಣ್ಣು ಎಷ್ಟು ಉಳಿಸಬೇಕು ಎಂದು ಕೇಳಿದ. ಎರಡು ಎಂದಳು. ಎದೆಮಟ್ಟದ ಬಳ್ಳಿ ಗೇಣುದ್ದವಾಯಿತು. ಅವಳು ಕತ್ತರಿಸುವಾಗ ಅಪ್ಪ ಅಟ್ಟದ ಕಡೆ ಮುಖ ಮಾಡಿ ನಿಂತಿದ್ದ.

ಆಮೇಲೆ, ಅಡಿಕೆಗೆ ಹೊಡೆಯುವ ಮೈಲುತುತ್ತ ಮತ್ತು ಸುಣ್ಣವನ್ನು ಅವಳ ತವರಿನ ಕಡೆ ಬಳ್ಳಿಯ ಗಾಯಕ್ಕೆ ಹಚ್ಚುತ್ತಾರೆಯೇ ಎಂದು ಕೇಳಿದ. ಹಚ್ಚುತ್ತಾರೆ ಎಂದಳು. ಇಬ್ಬರಿಗೂ ಗೊತ್ತಿದ್ದದ್ದು ಅದೊಂದೇ. ಅಪ್ಪ ಗರಟೆಯಲ್ಲಿ ಕಲಸಿದ. ಅವಳು ಮೆತ್ತಗಾದ ಸಿಪ್ಪೆಯನ್ನು ಹೆರೆದು, ಅಲ್ಲಿಗೂ ತುದಿಗೂ ಹಚ್ಚಿದಳು. ನಾನು ನೀರು ಹರಿದುಹೋಗಲು ಸುತ್ತ ಕಾಲುವೆ ತೆಗೆದು, ಒಡೆದ ಚಿರೆಕಲ್ಲಿನ ಚೂರು ತುಂಬಿದೆ.

ಅಪ್ಪ ದಿನವೂ ಬೆಳಿಗ್ಗೆ ಅಭ್ಯಾಸಬಲದಿಂದ ನೀರಿನ ಕೊಡ ಹಿಡಿದು ಅಲ್ಲಿಯವರೆಗೆ ಬರುತ್ತಿದ್ದ. ನಿಂತು, ಹಾಗೆಯೇ ಹಿಂದೆ ಹೋಗುತ್ತಿದ್ದ. ಮೂರು ವಾರ ಕಳೆದಿರಬೇಕು, ಒಂದು ದಿನ ಕೊಡವನ್ನು ಕೆಳಗಿಟ್ಟು ಬಗ್ಗಿದ. ನಂತರ ಅಡುಗೆಮನೆಯ ಬಾಗಿಲಿಗೆ ಬಂದ. ಅತ್ತಿಗೆ ದೋಸೆ ಎರೆಯುತ್ತಿದ್ದಳು.

"ತಂಗಿ, ಒಂದು ಕಣ್ಣು ಒಡದ್ದು. ಇನ್ನೊಂದು ಹೇಳ್ಲೆ ಬತ್ತಿಲ್ಲೆ. ನೀನೇ ನೋಡು."

ಅವಳು ಕಾವಲಿ ಇಳಿಸಿ ಹೋದಳು. ತುಂಬಾ ಹೊತ್ತು ಒಳಗೆ ಬರಲಿಲ್ಲ.

ಇನ್ನೊಂದು ಒಡೆಯಲಿಲ್ಲ. ಬಳ್ಳಿ ಎದ್ದದ್ದು ಒಂದರಿಂದಲೇ. ಮರುವರ್ಷ ಮೆಣಸಿಗೆ ಸೊಪ್ಪು ಹೊರುವಾಗ ಅಪ್ಪ ನನಗೆ ದ್ರಾಕ್ಷಿಯನ್ನು ಬಿಟ್ಟು ಸುತ್ತು ಹಾಕಿ ಹೋಗಲು ಹೇಳಿದ. ಬುಟ್ಟಿ ಹೊತ್ತು ಹಾಗೆಯೇ ಹೋದೆ.