ಅಂಚಿನಲ್ಲಿ ಜಗಳ

ಮಡಕಶಿರದಿಂದ ರಾಯದುರ್ಗಕ್ಕೆ ಸೊಸೆಯಾಗಿ ಬಂದ ಶಾಂತಕುಮಾರಿಗೆ ಕೈಯಲ್ಲಿ ಪೆನ್ನಿಲ್ಲದೆ ಓದಿ ಗೊತ್ತಿರಲಿಲ್ಲ. ಮುಂಗೋಣೆಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವಳು ಕರೆಂಟು ಹೋದಾಗೆಲ್ಲ ಪುಸ್ತಕ ಹಿಡಿಯುತ್ತಿದ್ದಳು. ಬರೆದವರ ಮಾತು ಸರಿಬೀಳದಿದ್ದರೆ ಪುಟದ ಅಂಚಿನಲ್ಲೇ ಜಗಳಕ್ಕೆ ನಿಲ್ಲುತ್ತಿದ್ದಳು.

ಅವಳ ಗಂಡನ ಅಣ್ಣ ಬಾಲರಾಜು ನಿವೃತ್ತ ಮೇಷ್ಟ್ರು, ಅದೇ ಊರಲ್ಲಿ ಬೇರೆ ಮನೆ. ತೀರಿಹೋದ ತಂದೆಯ ಮೇಲೊಂದು ಪುಸ್ತಕ ಬರೆದು ಅಚ್ಚು ಹಾಕಿಸಿದರು. ಬರಿಗೈಲಿ ಹೊಲಿಗೆ ಅಂಗಡಿ ಕಟ್ಟಿದವರು, ಹೆಂಡತಿಯನ್ನು ಹೂವಿನಂತೆ ನೋಡಿಕೊಂಡವರು ಎಂದೆಲ್ಲ ಹೊಗಳಿದ್ದರು. ತಮ್ಮನ ಮನೆಗೂ ಪುಕ್ಕಟೆ ಕೊಡಲಿಲ್ಲ. ಶಾಂತಕುಮಾರಿ ಕೊಂಡೇ ಓದಿದಳು. ಓದುತ್ತಾ ಅಂಚು ತುಂಬಿಸಿದಳು. ‘ಸುಳ್ಳು. ಮೊದಲ ಮಷೀನು ಅತ್ತೆಯ ತವರಿನದು.’ ‘ಹೂವಂತೆ! ಇಸ್ತ್ರಿಪೆಟ್ಟಿಗೆಯಿಂದ ಸುಟ್ಟ ಕಲೆ ಅತ್ತೆಯ ಬೆನ್ನ ಮೇಲೆ ಇನ್ನೂ ಇದೆ.’

ಯುಗಾದಿ ಊಟಕ್ಕೆ ಬಂದ ಬಾಲರಾಜು ಮಷೀನಿನ ಮೇಲಿದ್ದ ಪುಸ್ತಕವನ್ನು ಹೆಮ್ಮೆಯಿಂದ ತೆರೆದರು. ಮುಖ ಕಪ್ಪಿಟ್ಟಿತು.

“ಯಾಕ ಬರದಿ ಇದನ್ನ?”

“ನನ್ ಪುಸ್ತಕ ಭಾವ. ದುಡ್ ಕೊಟ್ ತಗಂಡಿದೀನಿ.”

“ನಮ್ಮಪ್ಪನ್ನ ಕೊಂಡಿಲ್ಲ ನೀನು! ಮಡಕಶಿರದ ನಾಲಿಗಿ ಇಲ್ಲಿ ಉದ್ದ ಬಿಡಬ್ಯಾಡ.”

“ಯಾವ್ದು ಸುಳ್ಳು ತೋರ್ಸಿ. ನಾನೇ ಹೊಡ್ದಾಕ್ತೀನಿ.”

ಅವರು ತೋರಿಸಲಿಲ್ಲ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಎತ್ತಿಕೊಂಡು ಹಾಳೆಗಳ ಅಂಚು ಕತ್ತರಿಸತೊಡಗಿದರು. ಅವಳ ಗಂಡ ಶಶಿ ಎಲೆಯಿಂದ ತಲೆ ಎತ್ತಲಿಲ್ಲ. ಶಾಂತಕುಮಾರಿ ನುಗ್ಗಿ ಪುಸ್ತಕ ಕಿತ್ತುಕೊಂಡಳು. ಅಷ್ಟರಲ್ಲಿ ಮುನ್ನುಡಿಯ ಅಂಚಷ್ಟೇ ಹೋಗಿತ್ತು.

ಗಲಾಟೆ ಕೇಳಿ ಅತ್ತೆ ಪದ್ಮಾವತಮ್ಮ ಹೊರಗೆ ಬಂದರು. ಓದಲು ಬಾರದ ತಾಯಿಗೆ ಬಾಲರಾಜು ಅಂಚಿನಲ್ಲಿ ಕಂಡದ್ದನ್ನೆಲ್ಲ ಹೇಳಿದರು.

“ಅತ್ತೆ, ನೀವೇ ಹೇಳಿ, ನಿಜ ತಾನೆ?” ಎಂದಳು ಶಾಂತಕುಮಾರಿ.

“ನಿಜಾನ. ಒಲಿ ಮುಂದ ಕುಂತು ನಿನಗ ಹೇಳ್ಕೊಂಡಿದ್ದೆ. ಬಂದೋರೆಲ್ಲ ಓದಂಗ ಬರದಿಡು ಅಂದಿದ್ನೇನು? ನನ್ ಬೆನ್ನು ನಂದು.”

ಊಟ ಮುಟ್ಟದೆ, ಎರಡು ಸೀರೆ ಗಂಟು ಕಟ್ಟಿಕೊಂಡು ಅವರು ಹಿರಿಯ ಮಗನ ಹಿಂದೆ ಹೊರಟರು. ಶಾಂತಕುಮಾರಿ ತಡೆಯಲಿಲ್ಲ. ಆ ಮಾತು ಮಾತ್ರ ಎದೆಗೆ ನಾಟಿತ್ತು. ಬೆನ್ನಿನ ಕಲೆಯ ಸಾಲನ್ನು ಹುಡುಕಿ, ಒಂದಕ್ಷರವೂ ಕಾಣದಂತೆ ಗೀಚಿ ಅಳಿಸಿದಳು. ಮಷೀನಿನ ಸಾಲು ಮುಟ್ಟಲಿಲ್ಲ.

ವಾರದ ಮೇಲೆ ಬಾಲರಾಜು ಫೋನ್ ಮಾಡಿದರು. “ಆ ಪುಸ್ತಕ ಸುಟ್ಟಾಕು. ಅವ್ವನ್ನ ಕಳಿಸ್ತೀನಿ.”

“ನಿಮ್ ಪುಸ್ತಕದಾಗೆ ಮಷೀನ್ ಯಾರ್ದು ಅಂತ ತಿದ್ದಿ. ಆಮೇಲೆ ಫೋನ್ ಮಾಡಿ.”

ಅವರು ತಿದ್ದಲಿಲ್ಲ. ಪದ್ಮಾವತಮ್ಮ ಇನ್ನೂ ಅಲ್ಲೇ ಇದ್ದಾರೆ. ಸಂತೆಯಲ್ಲಿ ಸೊಸೆ ಎದುರಾದರೆ ಬೆನ್ನು ಮುಚ್ಚುವಂತೆ ಸೆರಗು ಹೊದ್ದು ಮುಖ ತಿರುಗಿಸುತ್ತಾರೆ.